75 ಪ್ರತಿ ಇರುವ ಲಿಥೋಗ್ರಾಫ್ ಮೂಲ ಕೃತಿ ಹೇಗಾಗುತ್ತದೆ?

ಪ್ರಶ್ನೆ: ಆಧುನಿಕ ಕಲಾವಿದರೊಬ್ಬರ ಅಮೂರ್ತ ಲಿಥೋಗ್ರಾಫ್ ನೋಡಿದೆ. ಕೆಳಗೆ ಪೆನ್ಸಿಲ್‌ನಲ್ಲಿ 23/75 ಎಂದು ಬರೆದು ಸಹಿ ಹಾಕಿದ್ದಾರೆ. 75 ಪ್ರತಿ ಇದ್ದ ಮೇಲೆ ಅದು ನಕಲೇ ಅಲ್ವಾ?

ಉತ್ತರ: ಅಚ್ಚು ಹೌದು, ನಕಲಲ್ಲ. ನಕಲು ಅನ್ನಬೇಕಾದರೆ ಬೇರೆಲ್ಲೋ ಒಂದು ಅಸಲು ಇರಬೇಕು. ಇಲ್ಲಿ ಅಂಥದ್ದು ಇಲ್ಲ. ಕಲಾವಿದರು ಚಿತ್ರ ಬರೆದದ್ದೇ ಕಲ್ಲಿನ ಮೇಲೆ.

ಲಿಥೋಗ್ರಫಿ, ಅಂದರೆ ಕಲ್ಲಚ್ಚು, ಜರ್ಮನಿಯ ಬವೇರಿಯಾದ ಅಲೋಯಿಸ್ ಸೆನೆಫೆಲ್ಡರ್ 1790ರ ದಶಕದ ಕೊನೆಗೆ ಕಂಡುಹಿಡಿದ ವಿಧಾನ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಅನ್ನುವುದೇ ಇದರ ಗುಟ್ಟು. ಸಮನಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕ್ರೇಯಾನ್‌ನಿಂದ ಚಿತ್ರ ಬರೆಯುತ್ತಾರೆ. ಗೋಂದಿಗೆ ತುಸು ಆಸಿಡ್ ಬೆರೆಸಿ ಬಳಿಯುತ್ತಾರೆ. ಆಮೇಲೆ ಒದ್ದೆ ಸ್ಪಂಜಿನಿಂದ ಕಲ್ಲನ್ನು ಒರೆಸಿ ಶಾಯಿಯ ರೋಲರ್ ಉರುಳಿಸುತ್ತಾರೆ. ನೀರು ಹಿಡಿದ ಜಾಗ ಶಾಯಿಯನ್ನು ಹತ್ತಿರ ಸೇರಿಸುವುದಿಲ್ಲ. ಜಿಡ್ಡಿನ ಗೆರೆ ಮಾತ್ರ ಕಪ್ಪಾಗಿ ಎದ್ದು ಬರುತ್ತದೆ. ಕಾಗದ ಹಾಸಿ ಪ್ರೆಸ್‌ನಲ್ಲಿ ಒತ್ತಿದರೆ ಚಿತ್ರ ಎಡಬಲ ತಿರುಗಿ ಮೂಡುತ್ತದೆ. ಪ್ರತಿ ಹಾಳೆಗೂ ಮತ್ತೆ ಸ್ಪಂಜು, ಮತ್ತೆ ರೋಲರ್. ಸಾಮಾನ್ಯವಾಗಿ ಬಣ್ಣಕ್ಕೊಂದು ಕಲ್ಲು ಬೇರೆ! ಈಗ ಕಲ್ಲಿನ ಬದಲು ಲೋಹದ ತಗಡೂ ಬಳಕೆಯಲ್ಲಿದೆ.

ಕಲ್ಲು ಎಷ್ಟರಮಟ್ಟಿಗೆ ಕೃತಿಯ ಪಾಲುದಾರ ಅನ್ನುವುದಕ್ಕೆ ನನಗೆ ತುಂಬ ಇಷ್ಟದ ಉದಾಹರಣೆ ಒಂದಿದೆ. 1963ರಲ್ಲಿ ಅಮೆರಿಕದ ರಾಬರ್ಟ್ ರೌಶೆನ್‌ಬರ್ಗ್ ಅವರ ಚಿತ್ರ ಅಚ್ಚಾಗುವಾಗ ಕಲ್ಲು ಒಡೆದು ಎರಡಾಯಿತು. ಅವರು ಅದನ್ನು ಎಸೆಯಲಿಲ್ಲ. ಒಡೆದ ಕಲ್ಲಿನಿಂದಲೇ ಅಚ್ಚು ತೆಗೆದರು. ಚಿತ್ರಕ್ಕೆ ‘ಆಕ್ಸಿಡೆಂಟ್’ ಎಂದೇ ಹೆಸರಿಟ್ಟರು. ಬಿರುಕು ಬಿಳಿ ಪಟ್ಟಿಯಾಗಿ ಚಿತ್ರವನ್ನು ಓರೆಯಾಗಿ ಸೀಳಿಕೊಂಡು ಹೋಗಿದೆ. ಆ ಬಿರುಕನ್ನು ಬಿಟ್ಟು ಈ ಚಿತ್ರವೇ ಇಲ್ಲ.

ಇನ್ನು 23/75. ಒಟ್ಟು 75ರಲ್ಲಿ ಇದು 23ನೆಯದು ಎಂದರ್ಥ. ಅಷ್ಟು ಮುಗಿದ ಮೇಲೆ ಕಲ್ಲನ್ನು ಉಜ್ಜಿ ಚಿತ್ರ ಅಳಿಸುತ್ತಾರೆ, ಅಥವಾ ಅಡ್ಡಗೆರೆ ಎಳೆದು ರದ್ದು ಮಾಡುತ್ತಾರೆ. ಕಲಾವಿದರಿಗೆಂದು ತೆಗೆದ ಕೆಲವು ಪ್ರತಿಗಳು ಈ ಲೆಕ್ಕದ ಹೊರಗಿರುತ್ತವೆ. ಅವುಗಳ ಮೇಲೆ ‘ಎ.ಪಿ.’ (ಆರ್ಟಿಸ್ಟ್ಸ್ ಪ್ರೂಫ್, ಅಂದರೆ ಕಲಾವಿದರ ಪ್ರತಿ) ಅಥವಾ ಅದನ್ನೇ ಫ್ರೆಂಚ್‌ನಲ್ಲಿ ಹೇಳುವ ‘ಇ.ಎ.’ ಎಂದಿರುತ್ತದೆ. 1/75 ಸಿಕ್ಕರೆ ಜಾಸ್ತಿ ಒಳ್ಳೆಯದು ಎಂದು ತುಂಬ ಜನ ನಂಬುತ್ತಾರೆ. ಹಾಗೇನಿಲ್ಲ. ಒಂದೊಂದು ಬಣ್ಣಕ್ಕೂ ಹಾಳೆಗಳು ಹಿಂದುಮುಂದಾಗುತ್ತವೆ, ಅಚ್ಚಾದ ಕ್ರಮದಲ್ಲೇ ಸಂಖ್ಯೆ ಬೀಳಬೇಕೆಂದಿಲ್ಲ.

ಆದರೆ ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಪೇಂಟಿಂಗ್ ಒಂದರ ಫೋಟೋ ತೆಗೆದು ಆಫ್‌ಸೆಟ್‌ನಲ್ಲಿ ಅಚ್ಚು ಹಾಕಿ, ಅದಕ್ಕೂ ಲಿಥೋಗ್ರಾಫ್ ಎಂದು ಹೆಸರಿಟ್ಟು ಮಾರುವುದುಂಟು. ಅದರ ಕೆಳಗೂ ಸಹಿ, ಸಂಖ್ಯೆ ಇರಬಹುದು. ಹಾಗಾಗಿ ಸಹಿ ನೋಡುವ ಮೊದಲು ಭೂತಗನ್ನಡಿ ಹಿಡಿದು ಬಣ್ಣ ನೋಡಿ. ಅಳತೆಯಿಟ್ಟಂತೆ ಸಾಲಾಗಿ ಕೂತ ಸಣ್ಣ ಚುಕ್ಕಿಗಳು ಕಂಡರೆ ಅದು ಫೋಟೋದ ಅಚ್ಚು. ಕಲ್ಲಿನ ಮೇಲೆ ಕ್ರೇಯಾನ್‌ನಿಂದ ಎಳೆದ ಗೆರೆಯಾದರೆ ಕಾಳು ಚೆಲ್ಲಿದ ಹಾಗೆ ತರಿತರಿಯಾಗಿರುತ್ತದೆ. ಕೈ ಒತ್ತಿದ ಕಡೆ ದಟ್ಟ, ಹಗುರಾದ ಕಡೆ ತೆಳು.