ಹೇಳುವವರ ಹಿತಾಸಕ್ತಿಯೂ ವಾದದ ಬಲವೂ: ಫಿಶರ್ ಪ್ರಕರಣದ ಮೇಲೊಂದು ಟಿಪ್ಪಣಿ

ತರ್ಕಶಾಸ್ತ್ರದ ಪಾಠದಲ್ಲಿ ‘ವ್ಯಕ್ತಿಯನ್ನು ಬದಿಗಿಟ್ಟು ವಾದವನ್ನು ಪರೀಕ್ಷಿಸಿ’ ಎಂದು ಕಲಿಸುತ್ತಾರೆ. ಇತಿಹಾಸದ ಪಾಠದಲ್ಲಿ ಆಕರವನ್ನು ಬರೆದವರು ಯಾರು, ಯಾರ ಆಶ್ರಯದಲ್ಲಿದ್ದು ಬರೆದರು ಎಂಬುದನ್ನೇ ಮೊದಲು ವಿಚಾರಿಸಬೇಕು ಎನ್ನುತ್ತಾರೆ. ಎರಡನ್ನೂ ಒಟ್ಟಿಗೆ ಓದುವವರಿಗೆ ಇವು ಪರಸ್ಪರ ವಿರುದ್ಧವಾಗಿ ಕಾಣುವುದು ಸಹಜ. ಆದರೆ ಮೊದಲ ನಿಯಮ ಅನ್ವಯಿಸುವುದು ವಾದಕ್ಕೆ, ಎರಡನೆಯದು ಸಾಕ್ಷ್ಯಕ್ಕೆ. ನಾವು ಓದುವ ಬಹುಪಾಲು ಬರಹಗಳಲ್ಲಿ ವಾದವೂ ಸಾಕ್ಷ್ಯವೂ ಬೆರೆತೇ ಇರುವುದರಿಂದ, ಅವನ್ನು ಬಿಡಿಸಿ ನೋಡುವುದೇ ಇಲ್ಲಿನ ನಿಜವಾದ ಕೆಲಸ. ಸಿಗರೇಟು ಕ್ಯಾನ್ಸರಿಗೆ ಕಾರಣವೆಂಬುದನ್ನು ಆಕ್ಷೇಪಿಸಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅವರ ಪ್ರಕರಣದಲ್ಲಿ ಅದನ್ನು ಮಾಡಿ ನೋಡೋಣ.

ನ್ಯಾಯಾಲಯದಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿದೆ. ವಕೀಲರು ಕಕ್ಷಿದಾರರಿಂದ ಶುಲ್ಕ ಪಡೆದೇ ವಾದಿಸುತ್ತಾರೆ. ಆ ಕಾರಣಕ್ಕೆ ಅವರ ವಾದವನ್ನು ಯಾವ ನ್ಯಾಯಾಧೀಶರೂ ತಳ್ಳಿಹಾಕುವುದಿಲ್ಲ, ಏಕೆಂದರೆ ಕಾನೂನೂ ದಾಖಲೆಗಳೂ ನ್ಯಾಯಾಧೀಶರ ಮುಂದೆಯೇ ಇರುತ್ತವೆ. ಸಾಕ್ಷಿ ನುಡಿಯುವವರ ವಿಷಯ ಬೇರೆ: ಅವರು ಕಂಡದ್ದನ್ನು ನಾವು ಕಂಡಿಲ್ಲವಾದ್ದರಿಂದ ಅವರನ್ನು ನಂಬಬೇಕಾಗುತ್ತದೆ, ನಂಬುವ ಮೊದಲು ಅವರ ಹಿತಾಸಕ್ತಿಯನ್ನು ಕೇಳಬೇಕಾಗುತ್ತದೆ. ಅಲ್ಲಿಯೂ ನಿಯಮ ಯಾಂತ್ರಿಕವಲ್ಲ. 1953ರ ದಲೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೊಲೆಯಾದವರ ಹತ್ತಿರದ ಬಂಧು ಎಂಬ ಒಂದೇ ಕಾರಣಕ್ಕೆ ಸಾಕ್ಷಿಯನ್ನು ಅನುಮಾನಿಸಲಾಗದು, ಸಾಮಾನ್ಯವಾಗಿ ಅಂಥ ಬಂಧು ನಿಜವಾದ ಅಪರಾಧಿಯನ್ನು ಬಿಟ್ಟು ನಿರಪರಾಧಿಯನ್ನು ಸಿಲುಕಿಸಲು ಬಯಸುವುದಿಲ್ಲ ಎಂದಿತು. ಹಿತಾಸಕ್ತಿ ಯಾವ ದಿಕ್ಕಿಗೆ ಎಳೆಯುತ್ತದೆ ಎಂಬುದನ್ನೂ ಕೇಳಬೇಕೆಂಬುದು ಇದರಿಂದ ತಿಳಿಯುತ್ತದೆ. ಭಾರತೀಯ ತರ್ಕಪರಂಪರೆಯಾದ ನ್ಯಾಯದರ್ಶನವೂ ಶಬ್ದಪ್ರಮಾಣವನ್ನು, ಅಂದರೆ ಇತರರ ಮಾತಿನಿಂದ ದೊರೆಯುವ ಜ್ಞಾನದ ಆಧಾರವನ್ನು, ಆಪ್ತರ ಉಪದೇಶವೆಂದು ಹೇಳಿದಾಗ ಇದೇ ವಿಚಾರವನ್ನು ಮುಟ್ಟುತ್ತದೆ: ನ್ಯಾಯಸೂತ್ರಗಳಿಗೆ ವಾತ್ಸ್ಯಾಯನನು ಬರೆದ ಭಾಷ್ಯದ ಪ್ರಕಾರ ವಿಷಯವನ್ನು ಸ್ವತಃ ಅರಿತು, ಅರಿತಂತೆಯೇ ತಿಳಿಸುವ ಇಚ್ಛೆಯುಳ್ಳವರು ಆಪ್ತರು, ಮತ್ತು ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ. ಹುಟ್ಟನ್ನಲ್ಲ, ತಿಳಿವನ್ನೂ ಉದ್ದೇಶವನ್ನೂ ನೋಡಬೇಕೆಂಬ ಈ ಮಾತು ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಇನ್ನು ಮುಖ್ಯ ಉದಾಹರಣೆಗೆ ಬರೋಣ. 1950ರಲ್ಲಿ ಬ್ರಿಟನ್ನಿನ ಸಂಶೋಧಕರಾದ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರು ಸಿಗರೇಟು ಸೇವನೆಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು; 1951ರಲ್ಲಿ ಬ್ರಿಟನ್ನಿನ ವೈದ್ಯರನ್ನೇ ದೀರ್ಘಕಾಲ ಗಮನಿಸುವ ಅಧ್ಯಯನವನ್ನೂ ಆರಂಭಿಸಿದರು. ಇದನ್ನು ಆಕ್ಷೇಪಿಸಿದವರು ಸಾಮಾನ್ಯರಲ್ಲ. ಆಧುನಿಕ ಸಂಖ್ಯಾಶಾಸ್ತ್ರದ ನಿರ್ಮಾಪಕರಲ್ಲಿ ಒಬ್ಬರಾದ ರೊನಾಲ್ಡ್ ಫಿಶರ್ ಅವರು ಸಹಸಂಬಂಧ ಕಂಡ ಮಾತ್ರಕ್ಕೆ ಕಾರಣ ಸಿದ್ಧವಾಗುವುದಿಲ್ಲವೆಂದೂ, ಧೂಮಪಾನದ ಒಲವನ್ನೂ ಕ್ಯಾನ್ಸರನ್ನೂ ಒಂದೇ ಆನುವಂಶಿಕ ಗುಣ ಉಂಟುಮಾಡುತ್ತಿರಬಹುದೆಂದೂ ವಾದಿಸಿದರು. ಧೂಮಪಾನದ ಒಲವು ಆನುವಂಶಿಕವೆಂಬುದಕ್ಕೆ ಆಧಾರವಾಗಿ, ಏಕರೂಪಿ ಅವಳಿಗಳ ಧೂಮಪಾನದ ಅಭ್ಯಾಸಗಳು ಇತರ ಅವಳಿಗಳಿಗಿಂತ ಹೆಚ್ಚು ಹೋಲುತ್ತವೆ ಎಂಬ ಮಾಹಿತಿಯನ್ನು 1958ರಲ್ಲಿ ನೇಚರ್ ಪತ್ರಿಕೆಯಲ್ಲಿ ಮುಂದಿಟ್ಟರು. ಹೊಗೆಯೇ ಕಾರಣವಾದರೆ ಅದನ್ನು ಒಳಗೆಳೆಯುವವರಿಗೆ ಅಪಾಯ ಹೆಚ್ಚಿರಬೇಕಿತ್ತು, ಆದರೆ ಡಾಲ್ ಮತ್ತು ಹಿಲ್ ಅವರದೇ ಅಂಕಿಅಂಶಗಳಲ್ಲಿ ಹೊಗೆಯನ್ನು ಒಳಗೆಳೆದುಕೊಳ್ಳುವವರು ರೋಗಿಗಳಲ್ಲಿ ಹೆಚ್ಚಾಗಿ ಕಾಣಲಿಲ್ಲವೆಂಬುದನ್ನೂ ಎತ್ತಿ ತೋರಿಸಿದರು. ಅವರು ತಂಬಾಕು ತಯಾರಕರ ಸಮಿತಿಯಿಂದ ಸಂಭಾವನೆ ಪಡೆಯುವ ಸಲಹೆಗಾರರಾಗಿದ್ದರು. ಸ್ವತಃ ಪೈಪ್ ಸೇದುತ್ತಿದ್ದರು.

‘ಕಂಪನಿಯ ಹಣ ಪಡೆದವರ ಮಾತು’ ಎಂದು ಹೇಳಿ ಇಲ್ಲಿಗೆ ಮುಗಿಸಬಹುದಿತ್ತು. ಹಾಗೆ ಮುಗಿಸಿದ್ದರೆ ಆನುವಂಶಿಕ ಕಾರಣದ ಸಾಧ್ಯತೆಗೆ ಉತ್ತರವೇ ಸಿಗುತ್ತಿರಲಿಲ್ಲ, ಏಕೆಂದರೆ ಹಣ ಪಡೆಯದವರೊಬ್ಬರು ಅದೇ ಪ್ರಶ್ನೆಯನ್ನು ನಾಳೆ ಕೇಳಬಹುದಾಗಿತ್ತು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೆರೋಮ್ ಕಾರ್ನ್‌ಫೀಲ್ಡ್ ಮತ್ತು ಸಂಗಡಿಗರು 1959ರಲ್ಲಿ ಮಾಡಿದ್ದೇ ಬೇರೆ: ಫಿಶರ್ ಅವರ ವಾದವನ್ನು ಒಪ್ಪಿಕೊಂಡರೆ ಏನಾಗಬೇಕೆಂದು ಲೆಕ್ಕ ಹಾಕಿದರು. ಸಿಗರೇಟು ಸೇದುವವರಿಗೆ ಸೇದದವರಿಗಿಂತ ಒಂಬತ್ತು ಪಟ್ಟು ಅಪಾಯವಿದ್ದು, ಅದಕ್ಕೆ ಸಿಗರೇಟು ಕಾರಣವಲ್ಲ, ಯಾವುದೋ ಗುಪ್ತ ಗುಣವೇ ಕಾರಣ ಎನ್ನುವುದಾದರೆ, ಆ ಗುಣ ಸೇದದವರಲ್ಲಿರುವುದಕ್ಕಿಂತ ಸೇದುವವರಲ್ಲಿ ಕನಿಷ್ಠ ಒಂಬತ್ತು ಪಟ್ಟು ಹೆಚ್ಚು ಇರಲೇಬೇಕು. ಅಷ್ಟು ಪ್ರಬಲವಾದ ಗುಣವನ್ನು ಯಾರೂ ತೋರಿಸಿರಲಿಲ್ಲ. ಧೂಮಪಾನ ಬಿಟ್ಟವರಲ್ಲಿ ಅಪಾಯ ತಗ್ಗುತ್ತದೆ ಎಂಬುದನ್ನೂ ಆನುವಂಶಿಕ ಗುಣದಿಂದ ವಿವರಿಸುವುದು ಕಷ್ಟ, ಏಕೆಂದರೆ ಸಿಗರೇಟು ಬಿಟ್ಟ ಮಾತ್ರಕ್ಕೆ ಹುಟ್ಟುಗುಣ ಬದಲಾಗುವುದಿಲ್ಲ. ಈ ಉತ್ತರದಲ್ಲಿ ಫಿಶರ್ ಅವರ ಸಂಭಾವನೆಗೆ ಯಾವ ಪಾತ್ರವೂ ಇಲ್ಲ. ಅದಕ್ಕೇ ಅದು ಇಂದಿಗೂ ನಿಲ್ಲುತ್ತದೆ. ಗುಪ್ತ ಕಾರಣವೊಂದು ಎಷ್ಟು ಬಲವಾಗಿದ್ದರೆ ಕಂಡ ಸಂಬಂಧವನ್ನು ಅಳಿಸಬಲ್ಲದು ಎಂದು ಅಳೆಯುವ ಈ ವಿಧಾನ ಮುಂದೆ ಜನಸಮೂಹದಲ್ಲಿ ರೋಗಗಳ ಹರಡುವಿಕೆಯನ್ನೂ ಕಾರಣಗಳನ್ನೂ ಅಧ್ಯಯನ ಮಾಡುವ ಎಪಿಡೆಮಿಯಾಲಜಿಯ ಉಪಕರಣವಾಯಿತು. ಹಿತಾಸಕ್ತಿಯುಳ್ಳ ಎದುರಾಳಿಯ ಆಕ್ಷೇಪದಿಂದಲೇ ವಿಜ್ಞಾನಕ್ಕೆ ಈ ಲಾಭವಾಯಿತು ಎಂಬುದನ್ನು ನಾವು ಮರೆಯಬಾರದು.

ಹಾಗಾದರೆ ಫಿಶರ್ ಅವರ ಪಕ್ಷಪಾತಕ್ಕೆ ಬೆಲೆಯೇ ಇಲ್ಲವೇ? ಇದೆ, ಆದರೆ ಅದು ಅವರು ಹೇಳಿದ ತರ್ಕಕ್ಕಿಂತ ಹೆಚ್ಚಾಗಿ ಅವರು ಹೇಳದೆ ಬಿಟ್ಟದ್ದರಲ್ಲಿ ಕಾಣುತ್ತದೆ. ಸೇದುವ ಸಿಗರೇಟುಗಳ ಸಂಖ್ಯೆ ಏರಿದಂತೆ ಅಪಾಯವೂ ಏರುವುದು ಅದೇ ಅಂಕಿಅಂಶಗಳಲ್ಲಿತ್ತು; ಹೊಗೆ ಒಳಗೆಳೆಯುವ ಒಂದು ವಿವರಕ್ಕೆ ಕೊಟ್ಟಷ್ಟು ಮಹತ್ವವನ್ನು ಅವರು ಇದಕ್ಕೆ ಕೊಡಲಿಲ್ಲ. ಕಣ್ಣ ಮುಂದಿರುವ ತರ್ಕದ ಸರಪಣಿಯನ್ನು ಓದುಗರು ತಾವೇ ಪರೀಕ್ಷಿಸಬಹುದು, ಆಯ್ಕೆಯನ್ನು ಮಾತ್ರ ನಂಬಿಕೆಯ ಮೇಲೆ ಸ್ವೀಕರಿಸಬೇಕಾಗುತ್ತದೆ. ಪಕ್ಷಪಾತ ಸುಲಭವಾಗಿ ನುಸುಳುವುದು ಈ ಆಯ್ಕೆಯ ಮೂಲಕವೇ.

ಇದಕ್ಕೆ ಬಲವಾದ ಆಧಾರ 1998ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ಪತ್ರಿಕೆಯಲ್ಲಿ ಪ್ರಕಟವಾಯಿತು. ಪರರ ಧೂಮಪಾನದ ಹೊಗೆ ಸೇವಿಸುವುದರ ಪರಿಣಾಮಗಳ ಬಗೆಗಿನ 106 ಸಮೀಕ್ಷಾ ಲೇಖನಗಳಲ್ಲಿ 39 ಲೇಖನಗಳು ಹಾನಿಯಿಲ್ಲವೆಂದು ತೀರ್ಮಾನಿಸಿದ್ದವು, ಆ 39ರಲ್ಲಿ 29ರ ಲೇಖಕರು ತಂಬಾಕು ಉದ್ಯಮದ ನಂಟುಳ್ಳವರಾಗಿದ್ದರು. ಸಮೀಕ್ಷಾ ಲೇಖನ ಹೊರನೋಟಕ್ಕೆ ವಾದದಂತಿದ್ದರೂ ಅದರ ಬಹುಭಾಗ ಸಾಕ್ಷ್ಯವೇ: ಯಾವ ಅಧ್ಯಯನಗಳನ್ನು ಸೇರಿಸಬೇಕು, ಯಾವುದನ್ನು ದುರ್ಬಲವೆಂದು ಬಿಡಬೇಕು ಎಂಬ ನೂರಾರು ನಿರ್ಧಾರಗಳನ್ನು ನಾವು ಲೇಖಕರಿಗೇ ಒಪ್ಪಿಸಿರುತ್ತೇವೆ. ಅಂಥಲ್ಲಿ ಲೇಖಕರ ನಂಟನ್ನು ವಿಚಾರಿಸುವುದನ್ನು ವ್ಯಕ್ತಿನಿಂದೆ ಎನ್ನಲಾಗದು. ಅದು ಓದಿನ ಕರ್ತವ್ಯದ ಭಾಗ.

ನಮ್ಮ ಮೆಚ್ಚುಗೆಗೆ ಪಾತ್ರರಾದವರಿಗೂ ಈ ಅಳತೆಗೋಲು ಅನ್ವಯಿಸಬೇಕು. ರಿಚರ್ಡ್ ಡಾಲ್ ಅವರು 2005ರಲ್ಲಿ ತೀರಿಕೊಂಡ ಮೇಲೆ, ಅವರು ರಾಸಾಯನಿಕ ಕಂಪನಿಯಾದ ಮಾನ್ಸಾಂಟೊದಿಂದ ಸಲಹಾ ಶುಲ್ಕ ಪಡೆಯುತ್ತಿದ್ದ ವಿಷಯ 2006ರಲ್ಲಿ ಬ್ರಿಟನ್ನಿನ ಪತ್ರಿಕೆಗಳಲ್ಲಿ ಬಂದಿತು. ಧೂಮಪಾನದ ಬಗ್ಗೆ ಅವರು ತೋರಿಸಿದ್ದು ಇದರಿಂದ ಅಲುಗುವುದಿಲ್ಲ. ಅಂಕಿಅಂಶಗಳು ಬಹಿರಂಗವಾಗಿವೆ, ಬೇರೆ ದೇಶಗಳ ಸಂಶೋಧಕರೂ ಸ್ವತಂತ್ರವಾಗಿ ಅದೇ ಫಲಿತಾಂಶ ಪಡೆದಿದ್ದಾರೆ. ಆದರೆ ರಾಸಾಯನಿಕಗಳ ಸುರಕ್ಷತೆಯ ಬಗ್ಗೆ ತಜ್ಞರಾಗಿ ಅವರು ಕೊಟ್ಟ ಅಭಿಪ್ರಾಯಗಳನ್ನು ಅವರ ಹೆಸರಿನ ಬಲದ ಮೇಲಷ್ಟೇ ಒಪ್ಪಿಕೊಂಡಿದ್ದವರು, ಅವುಗಳ ಹಿಂದಿನ ಮಾಹಿತಿಯನ್ನು ಮೂಲದಿಂದ ಮತ್ತೆ ಓದಬೇಕಾಗುತ್ತದೆ.