ಸಣ್ಣ ಭೂಕಂಪ ಆಗ್ತಾ ಇದ್ದರೆ ದೊಡ್ಡದು ತಪ್ಪುತ್ತಾ?

ಪ್ರಶ್ನೆ: ನಮ್ಮ ಕಡೆ ಆಗಾಗ ನೆಲ ಸಣ್ಣಗೆ ನಡುಗುತ್ತದೆ. ಹೀಗೆ ಸ್ವಲ್ಪ ಸ್ವಲ್ಪವೇ ಒತ್ತಡ ಹೊರಗೆ ಹೋದರೆ ದೊಡ್ಡ ಭೂಕಂಪ ತಪ್ಪುತ್ತದೆ ಅಂತಾರೆ, ನಿಜವಾ?

ಇಲ್ಲ. ವಿಜಯಪುರದಲ್ಲಿ ನಡುಗಿದಾಗಲೂ ಇದನ್ನೇ ಕೇಳಿದ್ದಿರಿ, ಕೊಡಗು-ಸುಳ್ಯ ಗಡಿಯಲ್ಲಿ ನಡುಗಿದಾಗಲೂ ಇದನ್ನೇ. ಕುಕ್ಕರ್ ವಿಷಲ್ ಹಾಕಿದ ಹಾಗೆ ಅನ್ನುವ ಈ ಮಾತನ್ನು ಇವತ್ತು ಲೆಕ್ಕ ಹಾಕಿಯೇ ಮುಗಿಸೋಣ.

ರಿಕ್ಟರ್ ಅಂಕ ಒಂದು ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಎರಡು ಏರಿದರೆ 1,000 ಪಟ್ಟು. ಅಂದರೆ 6ರ ಒಂದೇ ಒಂದು ಭೂಕಂಪದ ಶಕ್ತಿ ಚಿಲ್ಲರೆಯಾಗಿ ಖಾಲಿಯಾಗಬೇಕಾದರೆ 3ರ ಭೂಕಂಪಗಳು ಸುಮಾರು 32,000 ಆಗಬೇಕು. ದಿನಕ್ಕೊಂದರಂತೆ ಒಂದು ದಿನವೂ ತಪ್ಪದೆ ಆದರೂ 85 ವರ್ಷಕ್ಕಿಂತ ಜಾಸ್ತಿ ಬೇಕು. ಆದರೆ ಅಂಕ ಒಂದು ಇಳಿದರೆ ಭೂಕಂಪಗಳ ಸಂಖ್ಯೆ ಹೆಚ್ಚುವುದು ಸಾಮಾನ್ಯವಾಗಿ 10 ಪಟ್ಟು ಮಾತ್ರ. 6ರದ್ದು ಒಂದು ಆಗುವಲ್ಲಿ 3ರವು ಸಾವಿರ. ಬಾಕಿ 31 ಸಾವಿರ ಎಲ್ಲಿಂದ ತರ್ತೀರಿ?

ಇದನ್ನು ನಂಬಿ ಧೈರ್ಯವಾಗಿ ಇರುವುದು ಅಪಾಯ. ಇಟಲಿಯ ಲಾಕ್ವಿಲಾದಲ್ಲಿ ತಿಂಗಳುಗಟ್ಟಲೆ ಸಣ್ಣ ಕಂಪನ ಆಗ್ತಾ ಇತ್ತು. ಶಕ್ತಿ ಹೊರಗೆ ಹೋಗ್ತಾ ಇದೆ, ಒಳ್ಳೆಯದೇ ಅಂತ ಅಧಿಕಾರಿಯೊಬ್ಬರು ಟಿವಿಯಲ್ಲಿ ಹೇಳಿದರು. 2009ರ ಏಪ್ರಿಲ್ 6ರ ನಸುಕಿನಲ್ಲಿ 6.3ರ ಭೂಕಂಪ ಬಂತು. ಸತ್ತವರು 300ಕ್ಕೂ ಹೆಚ್ಚು.

ಹಾಗಂತ ಸಣ್ಣದು ಬಂದರೆ ದೊಡ್ಡದು ಬಂದೇ ಬರುತ್ತದೆ ಅಂತಲೂ ಅಲ್ಲ. ನಮ್ಮ ಪಕ್ಕದ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1992ರಲ್ಲಿ ಸಾಲು ಸಾಲು ಕಂಪನ ಆಗಿ, ಮರುವರ್ಷ ಸೆಪ್ಟೆಂಬರ್ 30ಕ್ಕೆ ಊರೇ ನೆಲಸಮವಾಯಿತು, ಆ ಭಾಗದಲ್ಲಿ ಸುಮಾರು 10,000 ಜನ ಹೋದರು. ಚಿಂಚೋಳಿಯ ಗಡಿಕೇಶ್ವಾರದಲ್ಲಿ 2021ರಲ್ಲಿ ಹಾಗೇ ಸಾಲು ಕಂಪನ, ಜನ ಮನೆ ಬಿಟ್ಟು ಹೊರಗೆ ಮಲಗಿದರು, ಆದರೆ ದೊಡ್ಡದು ಬರಲಿಲ್ಲ. ಇದು ದೊಡ್ಡದಕ್ಕೆ ಮುಂಚೆ ಬರುವ ಮುನ್ಕಂಪನ ಅಂತ ಹೆಸರಿಡಲು ಆಗುವುದು ದೊಡ್ಡದು ಬಂದ ಮೇಲೆಯೇ. ಕ್ಯಾಲಿಫೋರ್ನಿಯಾದ ದಾಖಲೆ ನೋಡಿದರೆ, ವಾರದೊಳಗೆ ತನಗಿಂತ ದೊಡ್ಡದನ್ನು ಕರೆತರುವ ಭೂಕಂಪ ನೂರಕ್ಕೆ ಐದರಷ್ಟು, ಅಷ್ಟೇ.

ಸಣ್ಣವು ದಿನಾಂಕ ಹೇಳುವುದಿಲ್ಲ, ಜಾಗ ಹೇಳುತ್ತವೆ. ನಾಲ್ಕಾರು ಕಡೆ ಮಾಪಕ ಇಟ್ಟು ಒಂದೊಂದೂ ಎಲ್ಲಿ, ಎಷ್ಟು ಆಳದಲ್ಲಿ ಆಯಿತು ಅಂತ ಗುರುತು ಹಾಕುತ್ತಾ ಹೋದರೆ, ಮೇಲಿಂದ ಕಾಣದ ಬಿರುಕಿನ ಗೆರೆ ನಿಧಾನಕ್ಕೆ ಮೂಡುತ್ತದೆ. ಊರಿನವರಿಗೆ ಅವು ಹೇಳುವುದು ಗೋಡೆಯ ವಿಷಯ. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಮಣ್ಣಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲಿನ ಭಾರದ ಮಣ್ಣಿನ ಮಾಳಿಗೆ. ನಿಮ್ಮದೂ ಅಂಥ ಮನೆಯಾದರೆ, ಮೂಲೆಯಲ್ಲಿ ಹೊಸ ಬಿರುಕು ಕಂಡರೆ, ಗೋಡೆಯ ಹೊರ ಪದರ ಉಬ್ಬಿದ್ದರೆ ಸುಮ್ನೆ ಬಿಡಬೇಡಿ, ಎಂಜಿನಿಯರ್ ಒಬ್ಬರಿಗೆ ತೋರಿಸಿ.

ಇನ್ನೊಂದು, ಯಾರೂ ಕೇಳಿಲ್ಲ, ಆದರೂ ಹೇಳಬೇಕು. ನಡುಗುವ ಮೊದಲು ಢಂ ಅಂತ ಸದ್ದು ಬರುತ್ತದಲ್ವಾ? ಭೂಕಂಪದಿಂದ ಮೊದಲು ಬರುವುದು ವೇಗದ ಅಲೆ. ಆಳ ಕಡಿಮೆ ಇದ್ದು ಬಂಡೆ ಗಟ್ಟಿ ಇದ್ದರೆ ಆ ಅಲೆ ನೆಲದಿಂದ ಗಾಳಿಗೆ ದಾಟಿ ನಮ್ಮ ಕಿವಿಗೆ ಸದ್ದಾಗಿ ಕೇಳುತ್ತದೆ, ಜೋರಾಗಿ ಅಲುಗಿಸುವ ಅಲೆ ಅದರ ಹಿಂದೆ ಬರುತ್ತದೆ. ಅದಕ್ಕೇ 2ರ ಕಂಪನಕ್ಕೂ ಗುಡುಗಿದ ಹಾಗೆ ಕೇಳಬಹುದು. ಸದ್ದು ದೊಡ್ಡದಾಯಿತು ಅಂದರೆ ಭೂಕಂಪ ದೊಡ್ಡದಾಗ್ತಾ ಇದೆ ಅಂತ ಅಲ್ಲ, ಅದು ನಿಮ್ಮ ಕಾಲ ಕೆಳಗೇ ಹತ್ತಿರದಲ್ಲಿ ಆಗ್ತಾ ಇದೆ ಅಂತ.