ನೆರೆಯವರ ಕಣ್ಣಮುಂದೆ ಮತದಾರ: ಮಿಷಿಗನ್ ಪ್ರಯೋಗದ ಟಿಪ್ಪಣಿ

ಮತದಾರರ ಮನವೊಲಿಸುವುದು ಪ್ರಚಾರದ ಒಂದು ಕೆಲಸವಾದರೆ, ಒಲಿದವರನ್ನು ಮತಗಟ್ಟೆಗೆ ಬರುವಂತೆ ಮಾಡುವುದು ಇನ್ನೊಂದು. ಎರಡನೆಯದರಲ್ಲಿ ತಪ್ಪೇನೂ ಇರಲಾರದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅಮೆರಿಕದ ಮಿಷಿಗನ್ ರಾಜ್ಯದ ಪ್ರಯೋಗವೊಂದು ಆ ಭಾವನೆಯನ್ನು ಪರೀಕ್ಷೆಗೆ ಒಡ್ಡುತ್ತದೆ.

2006ರ ಆಗಸ್ಟ್‌ನಲ್ಲಿ ನಡೆದ ಪ್ರಾಥಮಿಕ ಚುನಾವಣೆಗೆ (ಪಕ್ಷಗಳ ಅಭ್ಯರ್ಥಿಗಳನ್ನು ಮತದಾರರೇ ಆರಿಸುವ ಚುನಾವಣೆ) ಮುನ್ನ ರಾಜ್ಯಶಾಸ್ತ್ರಜ್ಞರಾದ ಅಲನ್ ಗರ್ಬರ್, ಡೊನಾಲ್ಡ್ ಗ್ರೀನ್ ಮತ್ತು ಕ್ರಿಸ್ಟೋಫರ್ ಲಾರಿಮರ್ ಸುಮಾರು 80,000 ಮನೆಗಳಿಗೆ ನಾಲ್ಕು ಬಗೆಯ ಪತ್ರಗಳನ್ನು ಕಳುಹಿಸಿದರು; ಅವುಗಳಲ್ಲಿ ಮೂರು ಇಲ್ಲಿ ಮುಖ್ಯ. ಪತ್ರ ತಲುಪದವರಲ್ಲಿ ಶೇ 29.7ರಷ್ಟು ಮಂದಿ ಮತ ಹಾಕಿದರು. ನಾಗರಿಕ ಕರ್ತವ್ಯವನ್ನಷ್ಟೇ ನೆನಪಿಸಿದ ಪತ್ರ ಈ ಪ್ರಮಾಣವನ್ನು 31.5ಕ್ಕೆ ಏರಿಸಿತು, ಮನೆಯವರದೇ ಹಿಂದಿನ ಮತದಾನದ ದಾಖಲೆಯನ್ನು ತೋರಿಸಿದ ಪತ್ರ 34.5ಕ್ಕೆ ಏರಿಸಿತು. ಅಕ್ಕಪಕ್ಕದವರಲ್ಲಿ ಯಾರು ಮತ ಹಾಕಿದ್ದರು, ಯಾರು ಹಾಕಿರಲಿಲ್ಲ ಎಂಬುದನ್ನು ಹೆಸರುಸಹಿತ ಮುದ್ರಿಸಿ, ಚುನಾವಣೆಯ ನಂತರ ಹೊಸ ಪಟ್ಟಿ ಬರಲಿದೆ ಎಂದು ತಿಳಿಸಿದ ಪತ್ರ ಪಡೆದವರಲ್ಲಿ ಅದು 37.8 ಆಯಿತು.

ಇಲ್ಲಿ ಗಮನಿಸಬೇಕಾದದ್ದು, ಆ ಪತ್ರದ ದಾಖಲೆಗಳಲ್ಲಿ ಸುಳ್ಳಿರಲಿಲ್ಲ ಎಂಬುದು. ಯಾರಿಗೆ ಮತ ಹಾಕಿದರೆಂಬುದು ಅಲ್ಲಿ ಗುಟ್ಟು, ಮತ ಹಾಕಿದರೋ ಇಲ್ಲವೋ ಎಂಬುದು ಸಾರ್ವಜನಿಕ ದಾಖಲೆ. ಹಾಗಿದ್ದರೂ ಅದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ನನ್ನ ದಾಖಲೆಯನ್ನು ನನಗೇ ತೋರಿಸುವುದು ನೆನಪೋಲೆ. ಅದನ್ನೇ ಬೀದಿಯ ಮುಂದಿಟ್ಟಾಗ ನನ್ನ ಒಪ್ಪಿಗೆಯನ್ನು ಕೇಳದೆ ನನ್ನ ಹೆಸರನ್ನು ಇನ್ನೊಬ್ಬರನ್ನು ನಾಚಿಸುವ ಸಾಧನವಾಗಿ ಬಳಸಿದಂತಾಗುತ್ತದೆ. ಆಗ ಮತಗಟ್ಟೆಗೆ ಬರುವವರು ಕರ್ತವ್ಯಕ್ಕಿಂತ ಹೆಚ್ಚಾಗಿ ಅವಮಾನಕ್ಕೆ ಅಂಜಿ ಬರುತ್ತಾರೆ.

ಪಕ್ಷಗಳು ಈ ತಂತ್ರವನ್ನು ಕೈಗೆತ್ತಿಕೊಂಡಾಗ ಸತ್ಯದ ಗಡಿಯೂ ಸಡಿಲವಾಯಿತು. 2016ರಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ, ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಸ್ಥಾನದ ಉಮೇದುವಾರಿಕೆ ಬಯಸಿದ್ದ ಟೆಡ್ ಕ್ರೂಜ್ ಅವರ ಪ್ರಚಾರ ತಂಡವು 'ಮತದಾನ ಉಲ್ಲಂಘನೆ' ಎಂಬ ತಲೆಬರಹದ ಪತ್ರಗಳನ್ನು ಕಳುಹಿಸಿ, ಮತದಾರರಿಗೂ ಅವರ ನೆರೆಯವರಿಗೂ ಅಂಕ ನೀಡಿತು. ಎಷ್ಟು ಬಾರಿ ಮತ ಹಾಕಿದರೆಂಬುದರ ಮೇಲೆ ಉಲ್ಲಂಘನೆ ಎಂಬುದೇ ಇಲ್ಲವೆಂದು ಆ ರಾಜ್ಯದ ಚುನಾವಣಾ ಹೊಣೆ ಹೊತ್ತಿದ್ದ ಪಾಲ್ ಪೇಟ್ ಬಹಿರಂಗವಾಗಿಯೇ ಖಂಡಿಸಿದರು.

ನಮ್ಮ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 79(ಡಿ) ಕಲಮು 'ಚುನಾವಣಾ ಹಕ್ಕು' ಎಂಬುದರಲ್ಲಿ ಮತ ಹಾಕದಿರುವ ಹಕ್ಕನ್ನೂ ಸೇರಿಸಿದೆ. ಆ ಹಕ್ಕಿನ ಮುಕ್ತ ಬಳಕೆಗೆ ಅಡ್ಡಿಪಡಿಸುವುದನ್ನು 123(2) ಭ್ರಷ್ಟ ಆಚರಣೆ ಎನ್ನುತ್ತದೆ. ನಮ್ಮ ಊರುಗಳಲ್ಲಿ ಬೂತ್ ಏಜೆಂಟರು ಪಟ್ಟಿಯಲ್ಲಿ ಗುರುತು ಹಾಕಿಕೊಂಡು, ಮಧ್ಯಾಹ್ನದ ಹೊತ್ತಿಗೆ ಬಾರದವರ ಮನೆಗೆ ಕಾರ್ಯಕರ್ತರನ್ನು ಕಳುಹಿಸುವುದು ವಾಡಿಕೆ. ಬಾಗಿಲಲ್ಲಿ ನಿಂತು 'ಬನ್ನಿ' ಎನ್ನುವುದಕ್ಕೂ, 'ನೀವೊಬ್ಬರೇ ಬಂದಿಲ್ಲ' ಎಂದು ಬೀದಿಗೆ ಕೇಳುವಂತೆ ಕೂಗುವುದಕ್ಕೂ ಇರುವ ಅಂತರವನ್ನು ಈ ಕಲಮಿನ ಜೊತೆಗಿಟ್ಟು ಓದಬೇಕು.